ಸುಮ್ಮನಿದ್ದ ಇಪ್ಪತ್ತೊಂಬತ್ತು

ಕಳೆದ ತಿಂಗಳು ತಾಯಲೂರಿನ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ವಾಪಸ್ ಬರುವಾಗ ನನ್ನ ತಮ್ಮನ ಮಗ ದಾರಿಯಲ್ಲಿ ಕಾರು ನಿಲ್ಲಿಸಿ, "ಅತ್ತೆ, ಇನ್ವರ್ಟರ್‌ಗೆ ಹಾಕೋ ನೀರು ತಗೊಂಡ್ಬರ್ತೀನಿ, ಎರಡೇ ನಿಮಿಷ" ಎಂದು ಬ್ಯಾಟರಿ ಅಂಗಡಿಗೆ ನುಗ್ಗಿದ. ಕಾಲು ಜೋಮು ಹಿಡಿದಿತ್ತು, ನಾನೂ ಇಳಿದೆ. ಅಂಗಡಿ ಬಾಗಿಲಲ್ಲಿ ಆಸಿಡ್ಡಿನ ಹುಳಿ ಘಾಟು ಮೂಗಿಗೆ ಹೊಡೆಯಿತು. ಆಗ ತಲೆ ಎತ್ತಿ ಸುತ್ತ ನೋಡಿದೆ. ಅಯ್ಯೋ, ಇದೇ ಊರು. ರಸ್ತೆ ಅಗಲ ಮಾಡಿ, ಮರಗಳನ್ನೆಲ್ಲ ಕಡಿದು ಗುರುತೇ ಸಿಗದ ಹಾಗೆ ಮಾಡಿದ್ದಾರೆ. ವಾಸನೆ ಬರದಿದ್ದರೆ ನಾನು ಗೊತ್ತೇ ಆಗದೆ ದಾಟಿಹೋಗುತ್ತಿದ್ದೆ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಅದು ಯಾವ ಬೀದಿ, ಯಾರ ಮನೆ ಎಂದು ಕೂತಲ್ಲೇ ಹೇಳಿಬಿಡುತ್ತಾರೆ. ಮುಳಬಾಗಿಲು ತಾಲ್ಲೂಕು, ಆಂಧ್ರದ ಗಡಿಗೆ ಹತ್ತಿರ, ಅರ್ಧ ಮಾತು ಕನ್ನಡ, ಅರ್ಧ ಮಾತು ತೆಲುಗು. ಇಷ್ಟು ಸಾಕು. ಎಂಬತ್ತೆರಡೋ ಎಂಬತ್ತಮೂರೋ ಇಸವಿ. ನಾನು ಅಲ್ಲಿ ಟೆಲಿಫೋನ್ ಆಪರೇಟರು. ಟೇಕಲ್‌ನಲ್ಲಿ ಹುಟ್ಟಿ ಬೆಳೆದವಳು, ಇಪ್ಪತ್ತಾರು ವಯಸ್ಸು, ಇಡೀ ಪ್ರಪಂಚವನ್ನೇ ರೂಲರ್ ಇಟ್ಟು ನೆಟ್ಟಗೆ ಮಾಡಿಬಿಡುತ್ತೇನೆ ಎನ್ನುವ ಸೊಕ್ಕು.

ಎಕ್ಸ್‌ಚೇಂಜ್ ಎಂದರೆ ಎರಡು ಕೋಣೆ. ಹಿಂದಿನದರಲ್ಲಿ ಬ್ಯಾಟರಿಗಳ ಸಾಲು. ಆ ಆಸಿಡ್ಡಿನಿಂದ ನನ್ನ ಮೂರು ಸೀರೆಗಳ ಸೆರಗು ತೂತಾಗಿದ್ದವು. ಮುಂದಿನದರಲ್ಲಿ ಐವತ್ತು ನಂಬರಿನ ಬೋರ್ಡು. ಯಾರಾದರೂ ಮನೆಯಲ್ಲಿ ಫೋನಿನ ಹ್ಯಾಂಡಲ್ ತಿರುಗಿಸಿದರೆ ನನ್ನೆದುರು ಅವರ ನಂಬರಿನ ಮೇಲಿದ್ದ ಪುಟ್ಟ ಬಿಲ್ಲೆ ಟಪ್ಪೆಂದು ಬೀಳುತ್ತಿತ್ತು. ನಾನು ಅಲ್ಲಿಗೆ ವಯರು ಚುಚ್ಚಿ ಯಾವ ನಂಬರು ಬೇಕೆಂದು ಕೇಳಿ, ಇನ್ನೊಂದು ತುದಿಯನ್ನು ಆ ನಂಬರಿಗೆ ಚುಚ್ಚಬೇಕು. ಹೊರ ಊರಿನ ಮಾತಾದರೆ ಕೋಲಾರದ ಟ್ರಂಕ್ ಆಪರೇಟರ್ ಮೂಲಕ ಹೋಗಬೇಕು, ಬರಬೇಕು. ನನ್ನ ಜೊತೆ ಸುಬ್ಬಣ್ಣ ಅಂತ ಇನ್ನೊಬ್ಬರು ಆಪರೇಟರು. ಐವತ್ತು ದಾಟಿದ, ಬಾಯಿ ಬಿಡದ ಮನುಷ್ಯ. ಸಂಜೆ ಪಾಳಿ ಮತ್ತು ಭಾನುವಾರ ಅವರದು. ಇನ್‌ಚಾರ್ಜ್ ಮಾತ್ರ ನಾನು. ನನಗಿಂತ ಎರಡರಷ್ಟು ಸರ್ವೀಸ್ ಆಗಿದ್ದ ಅವರು ಒಂದು ದಿನವೂ ಅದಕ್ಕೆ ಮುಖ ಸಿಂಡರಿಸಲಿಲ್ಲ.

ಐವತ್ತು ನಂಬರೂ ಭರ್ತಿ. ಫೋನಿಗೆ ಅರ್ಜಿ ಹಾಕಿ ಕಾಯುತ್ತಿದ್ದವರು ಹದಿನಾಲ್ಕು ಜನ. ನಾನು ಬರುವ ಮುಂಚೆ ಆ ಪಟ್ಟಿ ಡ್ರಾಯರಿನೊಳಗಿತ್ತು. ಡ್ರಾಯರಿನಲ್ಲಿದ್ದ ಪಟ್ಟಿಯಲ್ಲಿ ಹೆಸರುಗಳು ಹೇಗೆ ಮೇಲೆ ಕೆಳಗೆ ಓಡಾಡುತ್ತವೆ ಅಂತ ಹೇಳಬೇಕೇ? ನಾನು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಹೊರಗಿನ ಗೋಡೆಗೆ ಅಂಟಿಸಿದೆ. ಮೊದಲ ಹೆಸರು ಹುಣಸೇಹಣ್ಣಿನ ವ್ಯಾಪಾರಿ ಬಾಷಾ ಸಾಹೇಬರದು. ಮೂರು ವರ್ಷದಿಂದ ಕಾಯುತ್ತಿದ್ದರು. ಎರಡನೆಯದು ಹಾಲಿನ ಡೈರಿ. ಎಲ್ಲೋ ಕೆಳಗಿದ್ದ ರೈಸ್‌ಮಿಲ್ ಮಾಲೀಕರು ಅಳಿಯನ ಮನೆಗೂ ಒಂದು ಫೋನ್ ಬೇಕೆಂದು ಶ್ರೀನಿವಾಸಪುರದ ಬಾದಾಮಿ ಮಾವಿನಹಣ್ಣಿನ ಬುಟ್ಟಿ ಕಳಿಸಿದರು. ಬುಟ್ಟಿಯನ್ನು ಹಾಗೇ ವಾಪಸ್ ಕಳಿಸಿದೆ. ಸುಬ್ಬಣ್ಣನೇ ಹೊತ್ತುಕೊಂಡು ಹೋದರು. ಅಲ್ಲಿ ಮುಟ್ಟುವಷ್ಟರಲ್ಲಿ ಎರಡು ಹಣ್ಣು ಕಮ್ಮಿಯಾಗಿದ್ದವಂತೆ, ಅದು ಬೇರೆ ವಿಷಯ.

ಹೊಸ ಬೋರ್ಡು ಇನ್ನೆರಡು ವರ್ಷ ಬರುವುದಿಲ್ಲ ಎಂದು ಮೇಲಿನ ಆಫೀಸಿನಿಂದ ಕಾಗದ ಬಂತು. ಬಳಸದೆ ಸುಮ್ಮನಿಟ್ಟುಕೊಂಡಿರುವ ಫೋನ್ ಇದ್ದರೆ, ಅವರು ತಾವಾಗಿಯೇ ಬರೆದುಕೊಟ್ಟರೆ, ವಾಪಸ್ ಪಡೆದು ಪಟ್ಟಿಯಲ್ಲಿ ಮೊದಲಿರುವವರಿಗೆ ಕೊಡಬಹುದು ಎಂದೂ ಅದರಲ್ಲಿತ್ತು. ನನಗೆ ಅಷ್ಟೇ ಬೇಕಾಗಿತ್ತು. ಕೆಲವರ ಮನೆಯಲ್ಲಿ ಫೋನಿಗೆ ಕಸೂತಿ ಬಟ್ಟೆ ಹೊದಿಸಿ ದೇವರ ಪಟದ ಪಕ್ಕ ಇಟ್ಟಿದ್ದರು. ಇತ್ತ ಡೈರಿಯ ವ್ಯಾನು ಬಾರದ ದಿನ ವಿಚಾರಿಸಲು ಗತಿಯಿಲ್ಲದೆ ಹಾಲು ಒಡೆದು ಚರಂಡಿಗೆ ಹೋಗುತ್ತಿತ್ತು.

ಯಾರು ಬಳಸುತ್ತಾರೆ, ಯಾರು ಬಳಸುವುದಿಲ್ಲ ಎಂದು ತಿಳಿಯಲು ಒಂದು ನೋಟ್‌ಬುಕ್ ಮಾಡಿದೆ. ಐವತ್ತು ನಂಬರು, ಪ್ರತಿ ನಂಬರಿನ ಮುಂದೆ ಖಾಲಿ ಜಾಗ. ಬಿಲ್ಲೆ ಬಿದ್ದಾಗಲೆಲ್ಲ ಒಂದು ಗೀಟು. ಸುಬ್ಬಣ್ಣನಿಗೂ ಹೇಳಿದೆ. ಅವರು ನೋಟ್‌ಬುಕ್ಕನ್ನೇ ಸ್ವಲ್ಪ ಹೊತ್ತು ನೋಡಿ, "ಹೊರಗಿಂದ ಇವ್ರಿಗೆ ಬರೋ ಕಾಲ್‌ಗೂ ಗೀಟು ಹಾಕ್ಬೇಕಾ ಮೇಡಂ?" ಎಂದರು. ಬರುವ ಕಾಲಿಗೆ ಬಿಲ್ಲೆ ಬೀಳುವುದಿಲ್ಲ, ನಾವೇ ವಯರು ಚುಚ್ಚಿ ರಿಂಗ್ ಕೊಡುವುದು.

"ಬೇಡಿ. ಫೋನ್ ಬೇಕಾಗಿರೋರು ತಾವೇ ತಿರುಗಿಸ್ತಾರೆ. ಬಂದಿದ್ದಕ್ಕೆಲ್ಲ ಲೆಕ್ಕ ಯಾಕೆ?" ಎಂದೆ.

ಅವರು ಮತ್ತೆ ಕೇಳಲಿಲ್ಲ. ಆ ಒಂದು ಮಾತಿನಿಂದ ಮುಂದಿನದೆಲ್ಲ ಆಯಿತು. ತಪ್ಪು ನನ್ನದೇ, ಇನ್ಯಾರದೂ ಅಲ್ಲ.

ಮೂರು ತಿಂಗಳು ಗೀಟು ಹಾಕಿದೆವು. ಬೇಸಿಗೆ ಬಂತು, ಶೀಟಿನ ಸೂರಿನ ಕೆಳಗೆ ಬೋರ್ಡಿನ ಮುಂದೆ ಕೂತರೆ ಬೆವರು ಕಿವಿಯ ಹೆಡ್‌ಫೋನಿನೊಳಗೆ ಇಳಿಯುತ್ತಿತ್ತು. ಕೊನೆಗೆ ನೋಡಿದರೆ ನಲವತ್ತೊಂಬತ್ತು ನಂಬರಿಗೆ ಹೆಚ್ಚೋ ಕಮ್ಮಿಯೋ ಗೀಟುಗಳಿದ್ದವು. ಇಪ್ಪತ್ತೊಂಬತ್ತಕ್ಕೆ ಒಂದೂ ಇಲ್ಲ.

ಇಪ್ಪತ್ತೊಂಬತ್ತು ಪಿಳ್ಳಪ್ಪನವರದು. ಹಿಂದೆ ಆಲೂಗಡ್ಡೆ ವ್ಯಾಪಾರ ಮಾಡುತ್ತಿದ್ದರು, ಆಗ ಹಾಕಿಸಿದ ಫೋನು. ವ್ಯಾಪಾರ ಬಿಟ್ಟು ಈಗ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಐವತ್ತರ ಆಸುಪಾಸು, ಗಟ್ಟಿ ಆಳು, ಕುಲದ ಪಂಚಾಯ್ತಿಯಲ್ಲಿ ಅವರ ಮಾತು ನಡೆಯುತ್ತಿತ್ತು. ನಾನು ಆ ಊರಿಗೆ ಬರುವುದಕ್ಕೆ ಎರಡು ವರ್ಷ ಮುಂಚೆ ಅವರ ದೊಡ್ಡ ಮಗಳು ಸರೋಜ ಬೇರೆ ಜಾತಿಯ ಮೇಷ್ಟರೊಬ್ಬರ ಜೊತೆ ಹೋಗಿ ಮದುವೆಯಾಗಿದ್ದಳು. ಪಿಳ್ಳಪ್ಪನವರು ಊರವರೆದುರು ಕೆರೆಯಲ್ಲಿ ಮುಳುಗಿ ಎದ್ದು, ಬದುಕಿರುವ ಮಗಳಿಗೆ ಎಳ್ಳುನೀರು ಬಿಟ್ಟಿದ್ದರು. ಆಮೇಲೆ ಆ ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೂ ಫೋನಿಗೂ ಸಂಬಂಧವಿದೆ ಎಂದು ಮಾತ್ರ ಹೊಳೆಯಲಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ಲೈನ್‌ಮನ್‌ನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಅವರ ಕುಲದ ನಾಲ್ಕೈದು ಜನ ಕೂತು ಏನೋ ತೀರ್ಮಾನ ಮಾಡುತ್ತಿದ್ದರು. ನಾನು ನೋಟ್‌ಬುಕ್ ಬಿಚ್ಚಿ ಎಲ್ಲರೆದುರಿಗೇ ತೋರಿಸಿದೆ. "ನೋಡಿ ಪಿಳ್ಳಪ್ಪನೋರೆ, ಮೂರು ತಿಂಗಳಲ್ಲಿ ಒಂದ್ಸಲಾನೂ ತಿರುಗಿಸಿಲ್ಲ. ಬಾಷಾ ಸಾಹೇಬ್ರು ಮೂರು ವರ್ಷದಿಂದ ಕಾಯ್ತಿದ್ದಾರೆ. ನಿಮಗೆ ಬೇಡದ್ದು ಅವ್ರಿಗೆ ಬೇಕು. ಇಲ್ಲೊಂದು ಸೈನ್ ಹಾಕಿದ್ರೆ ಆಯ್ತು."

ಅವರು ನನ್ನ ಮುಖ ನೋಡಲಿಲ್ಲ. ಜಗಲಿಯಲ್ಲಿದ್ದ ಒಬ್ಬರು, "ಕೊಟ್ಬಿಡಪ್ಪಾ, ನಿಂಗ್ಯಾರು ಫೋನ್ ಮಾಡ್ತಾರೆ ಈಗ?" ಎಂದು ನಕ್ಕರು. ಬಾಗಿಲ ಹಿಂದಿನಿಂದ ಅವರ ಹೆಂಡತಿ ತೆಲುಗಿನಲ್ಲಿ, "ಏಮಂಟ?", ಏನಂತೆ, ಎಂದು ಕೇಳಿದರು.

"ಬೇಕಿದ್ರೆ ಬೇಕು ಅನ್ನಿ, ನಾನು ಹೋಗ್ತೀನಿ. ಯಾಕೆ ಬೇಕು ಅಂತ ಒಂದು ಮಾತು ಬರ್ಕೊಡಿ, ಅಷ್ಟೇ" ಎಂದೆ. ನನ್ನ ಪ್ರಕಾರ ಅದು ನ್ಯಾಯ.

"ಬೇಡ" ಎಂದರು. ಸೈನ್ ಹಾಕಿದರು. ಪೆನ್ನು ಕೊಡುತ್ತಾ ಮೆಲ್ಲಗೆ, "ಯಾವತ್ತು ತೆಗೀತೀರಿ?" ಎಂದು ಕೇಳಿದರು.

"ನಾಳೇನೇ."

"ಸೋಮವಾರ ತೆಗುದ್ರೆ ಆಗಲ್ವೇನಮ್ಮಾ?"

"ಸೋಮವಾರ ಲೈನ್‌ಮನ್ ನಂಗಲಿ ಕಡೆ ಹೋಗ್ಬೇಕು. ಸುಮ್ನೆ ಕೂತಿರೋ ಫೋನು, ಶನಿವಾರ ಹೋದ್ರೇನು, ಸೋಮವಾರ ಹೋದ್ರೇನು?"

"ಅದೂ ಸರಿ" ಎಂದರು.

ಶನಿವಾರ ತೆಗೆಸಿದೆ. ಅವತ್ತೇ ಸಂಜೆ ಸುಬ್ಬಣ್ಣ, "ನಾಳೆ ನನಗಾಗಲ್ಲ ಮೇಡಂ, ಮೈ ಬಿಸಿ ಬಂದಿದೆ" ಎಂದರು. ಮೈ ಬಿಸಿ ಏನೂ ಇರಲಿಲ್ಲ, ಆಮೇಲೆ ತಿಳಿಯಿತು. ನಾನು ಟೇಕಲ್‌ಗೆ ಹೋಗುವುದನ್ನು ಬಿಟ್ಟು ಭಾನುವಾರ ಬೋರ್ಡಿನ ಮುಂದೆ ಕೂತೆ.

ಸರಿಯಾಗಿ ಹತ್ತು ಗಂಟೆಗೆ ಕೋಲಾರದಿಂದ ಕಾಲ್ ಬಂತು. "ಇಪ್ಪತ್ತೊಂಬತ್ತು ಕೊಡಿ, ದಾವಣಗೆರೆ ಕಾಲು."

"ಇಪ್ಪತ್ತೊಂಬತ್ತು ಇಲ್ಲ. ಸರೆಂಡರ್ ಆಗಿದೆ" ಎಂದೆ.

ಕೋಲಾರದವಳು ಕತ್ತರಿಸುವ ಮೊದಲೇ ಆ ಕಡೆಯಿಂದ ಒಂದು ಹೆಣ್ಣು ದನಿ, "ಮೇಡಂ, ಮೇಡಂ, ಅದು ಪಿಳ್ಳಪ್ಪನೋರ ಮನೆ ನಂಬರು. ಏನಾಯ್ತು?" ಎಂದಿತು.

"ಫೋನ್ ವಾಪಸ್ ಕೊಟ್ಬಿಟ್ಟಿದ್ದಾರಮ್ಮ."

"ಯಾರು ಕೊಟ್ಟಿದ್ದು?"

"ಪಿಳ್ಳಪ್ಪನೋರೇ. ಸೈನ್ ಹಾಕಿ ಕೊಟ್ಟಿದ್ದಾರೆ."

ಲೈನು ಗೊರಗೊರ ಎಂದಿತು. ಆಮೇಲೆ, "ಅವ್ರಾಗೇ ಕೊಟ್ರಾ?" ಎಂದಳು.

"ಹೂಂ, ಅವ್ರಾಗೇ" ಎಂದೆ. ಕಾಗದದಲ್ಲಿ ಹಾಗೇ ಇತ್ತಲ್ಲ.

"ಹೋದ ಸಲ ಹೇಳ್ದೆ, ಹೆಣ್ಣು ಹುಟ್ಟಿದ್ರೆ ನಿಮ್ಮಮ್ಮನ ಹೆಸರೇ ಇಡ್ತೀನಿ ಅಂತ. ಅದು ಹಿಡಿಸಲಿಲ್ಲ ಅಂತ ಕಾಣುತ್ತೆ" ಎಂದಳು. ನನಗೆ ಹೇಳಿದ್ದಲ್ಲ ಅದು. "ಆಯ್ತು ಬಿಡಿ ಮೇಡಂ. ಇನ್ನು ಮಾಡಲ್ಲ. ನಾನು ಮಾಡಿದ್ದೆ ಅಂತಾನೂ ಅವ್ರಿಗೆ ಹೇಳ್ಬೇಡಿ." ಇಟ್ಟುಬಿಟ್ಟಳು.

ನನಗೆ ತಕ್ಷಣ ಏನೂ ಅನ್ನಿಸಲಿಲ್ಲ. ರೈಸ್‌ಮಿಲ್ಲಿನ ಬಿಲ್ಲೆ ಬಿತ್ತು, ಚುಚ್ಚಿದೆ. ಪೊಲೀಸ್ ಠಾಣೆಯ ಬಿಲ್ಲೆ ಬಿತ್ತು, ಚುಚ್ಚಿದೆ. ಒಂದು ಗಂಟೆಯಾದ ಮೇಲೆ ಕೋಲಾರಕ್ಕೆ ಫೋನ್ ಮಾಡಿ ಆ ಕಾಲ್ ದಾವಣಗೆರೆಯ ಯಾವ ನಂಬರಿನದು ಎಂದು ವಿಚಾರಿಸಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ಪಬ್ಲಿಕ್ ಬೂತ್, ಯಾರು ಮಾಡಿದರೋ ಗೊತ್ತಿಲ್ಲ ಎಂದರು.

ಸೋಮವಾರ ಸುಬ್ಬಣ್ಣನನ್ನು ಹಿಡಿದು ಕೇಳಿದೆ. ಆ ಮನುಷ್ಯ ಕಣ್ಣು ತಗ್ಗಿಸಿಕೊಂಡೇ ಹೇಳಿದರು. ಎರಡು ವರ್ಷದಿಂದ ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಹತ್ತು ಗಂಟೆಗೆ ಸರೋಜಳ ಆ ಕಾಲ್ ಬರುತ್ತಿತ್ತಂತೆ. ಆ ಹೊತ್ತಿಗೆ ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿರುತ್ತಿದ್ದರು. ಪಿಳ್ಳಪ್ಪನವರೊಬ್ಬರೇ ಫೋನಿನ ಪಕ್ಕ. ಮೂರು ನಿಮಿಷ ಅವಳೇ ಮಾತಾಡುತ್ತಿದ್ದಳು, ಅನ್ನ ಸಾರು, ಗಂಡನ ಸ್ಕೂಲು, ಎಲ್ಲ. ಇವರು "ಹೂಂ" ಬಿಟ್ಟರೆ ಇನ್ನೊಂದು ಮಾತಾಡಿದ್ದಿಲ್ಲ. ಮಗಳೇ ಅಂತ ಒಂದು ಸಲ ಕರೆದಿದ್ದಿಲ್ಲ. ಆದರೆ ಫೋನನ್ನು ಮೊದಲು ಇಟ್ಟದ್ದೂ ಇಲ್ಲ.

"ನನಗ್ಯಾಕ್ರೀ ಹೇಳಲಿಲ್ಲ?" ಎಂದು ಕಿರುಚಿದೆ.

ಅವರು ಬೋರ್ಡಿನ ಮೇಲೆ ಅಂಟಿಸಿದ್ದ ಕಾಗದ ತೋರಿಸಿದರು. ಬೋರ್ಡಿನಲ್ಲಿ ಕೇಳಿದ ಮಾತು ಹೊರಗೆ ಆಡಕೂಡದು ಎಂದು ನಾನೇ ಕೆಂಪು ಇಂಕಿನಲ್ಲಿ ಬರೆದದ್ದು. "ಗೀಟು ಹಾಕ್ಲಾ ಅಂತ ಕೇಳ್ದೆನಲ್ಲ ಮೇಡಂ. ಅದಕ್ಕಿಂತ ಹೆಚ್ಚು ನಾನು ಹೆಂಗೆ ಹೇಳೋದು?"

ಪಿಳ್ಳಪ್ಪನವರ ಮನೆ ಎಕ್ಸ್‌ಚೇಂಜಿನಿಂದ ನೂರಿನ್ನೂರು ಹೆಜ್ಜೆ. ಹೋಗಿ ಹೇಳಬಹುದಿತ್ತು. ನಿಮ್ಮ ಮಗಳು ಫೋನ್ ಮಾಡಿದ್ದಳು, ನೀವು ಅವಳ ಸಂಬಂಧವನ್ನೇ ಕತ್ತರಿಸಿ ಹಾಕಿದಿರಿ ಎಂದುಕೊಂಡಳು, ಹಾಗೆ ಅಂದುಕೊಳ್ಳುವ ಮಾತು ಹೇಳಿದವಳು ನಾನೇ ಅಂತ. ಹೇಳಲಿಲ್ಲ. ಹೆದರಿಕೆ, ಮತ್ತೇನು? ಅವಳೇ ಬೇಡ ಅಂದಿದ್ದಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬಾಷಾ ಸಾಹೇಬರಿಗೆ ಇಪ್ಪತ್ತೊಂಬತ್ತು ಕೊಟ್ಟೆವು. ಕಲ್ಲುಸಕ್ಕರೆ ಹಂಚಿದರು. "ನೀವು ಬರ್ದೇ ಇದ್ದಿದ್ರೆ ನಮ್ ಹೆಸ್ರು ಡ್ರಾಯರ್‌ನಲ್ಲೇ ಕೊಳೀತಿತ್ತು ಮೇಡಂ" ಎಂದು ಕೈ ಮುಗಿದರು. ಆ ಕಲ್ಲುಸಕ್ಕರೆ ಬಾಯಲ್ಲಿ ಕರಗಿದ್ದು ನೆನಪಿದೆ, ಸಿಹಿಯಾಗಿತ್ತೋ ಇಲ್ಲವೋ ನೆನಪಿಲ್ಲ.

ಅಲ್ಲಿಂದ ಆ ವರ್ಷ ನನಗೆ ಮಂಕು ಹಿಡಿದ ಹಾಗೆ ಕಳೆಯಿತು. ಮಳೆ ಬಂತು. ತಂತಿ ಒದ್ದೆಯಾಗಿ ಒಬ್ಬರ ಮಾತು ಇನ್ನೊಬ್ಬರ ಲೈನಿನಲ್ಲಿ ಕೇಳುತ್ತಿತ್ತು, ಜನ ಬೈಯುತ್ತಿದ್ದರು, ನಾನು "ಆಯ್ತು, ನೋಡ್ತೀವಿ" ಎನ್ನುತ್ತಿದ್ದೆ. ರಾಗಿ ಮೊಳಕಾಲುದ್ದ ಬಂತು, ತೆನೆ ಕಟ್ಟಿತು, ಕೊಯ್ದರು. ಸುಬ್ಬಣ್ಣನೂ ನಾನೂ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಭಾನುವಾರದ ಪಾಳಿ ನಾನೇ ತೆಗೆದುಕೊಂಡೆ. ಅಮ್ಮ ಕಾಗದ ಬರೆದಳು, ಊರಿಗೆ ಯಾಕೆ ಬರುತ್ತಿಲ್ಲ, ಮೈಗೆ ಹುಷಾರಿಲ್ಲವೇ ಅಂತ. ಹುಷಾರಾಗಿದ್ದೇನೆ ಎಂದು ಒಂದು ಸಾಲು ಬರೆದೆ.

ಪಿಳ್ಳಪ್ಪನವರು ಭಾನುವಾರ ಬೆಳಗ್ಗೆ ಬಂದು ನಮ್ಮ ವರಾಂಡದ ಬೆಂಚಿನ ಮೇಲೆ ಕೂರತೊಡಗಿದರು. ಮೊದಲ ಸಲ, "ಟ್ರಂಕ್ ಬುಕ್ ಮಾಡ್ಬೇಕಾ?" ಎಂದು ಕೇಳಿದೆ. "ಇಲ್ಲಮ್ಮ, ಸುಮ್ನೆ. ನೆರಳಿದೆ ಅಂತ" ಎಂದರು. ಹತ್ತಕ್ಕೆ ಬಂದು ಹತ್ತೂವರೆಗೆ ಎದ್ದು ಹೋಗುವರು. ಮಳೆಯಲ್ಲೂ ನೆರಳಿಗೆ ಅಂತಲೇ ಬರುತ್ತಿದ್ದರು. ನಾನು ಕಿಟಕಿಯ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ.

ಸಂಕ್ರಾಂತಿ ಹತ್ತಿರ ಬಂದಾಗ ಟೂರಿಂಗ್ ಟಾಕೀಸಿನವರು ಡೇರೆ ಕಿತ್ತು ಶ್ರೀನಿವಾಸಪುರಕ್ಕೆ ಹೋದರು. ಅವರ ನಲವತ್ತೊಂದನೇ ನಂಬರು ಖಾಲಿಯಾಯಿತು. ಗೋಡೆಯ ಪಟ್ಟಿಯ ಪ್ರಕಾರ ಅದು ಹಾಲಿನ ಡೈರಿಗೆ ಹೋಗಬೇಕು. ಊರಿಗೆಲ್ಲ ಗೊತ್ತಿತ್ತು. ಡೈರಿಯ ಸೆಕ್ರೆಟರಿ ಬೆಳಗ್ಗೆಯೇ ಬಂದು ಫೋನ್ ಇಡಲು ಗೋಡೆಗೂಡು ಮಾಡಿಸಿದ್ದೇನೆ ಎಂದು ಹೇಳಿ ಹೋದರು.

ನಾನು ಬಾಷಾ ಸಾಹೇಬರ ಅಂಗಡಿಗೆ ಹೋದೆ. "ನಿಮ್ಮ ನಂಬರ್ ಬದಲಾಯಿಸಿ ನಲವತ್ತೊಂದು ಕೊಡ್ತೀನಿ. ಇಪ್ಪತ್ತೊಂಬತ್ತು ನನಗೆ ಬೇಕು. ಯಾಕೆ ಅಂತ ಕೇಳ್ಬೇಡಿ" ಎಂದೆ.

ಅವರು ಇಪ್ಪತ್ತೊಂಬತ್ತು ಎಂದು ಅಚ್ಚು ಹಾಕಿಸಿದ್ದ ರಸೀದಿ ಪುಸ್ತಕಗಳ ಕಡೆ ಒಂದು ಸಲ ನೋಡಿದರು. "ಯಾವ್ದಾದ್ರೇನು ಮೇಡಂ, ಮಾತು ಕೇಳ್ಸಿದ್ರೆ ಸಾಕಲ್ಲ" ಎಂದರು. ನಿಜವಾಗಿಯೂ ಕೇಳಲಿಲ್ಲ, ಯಾಕೆ ಅಂತ.

ಪಿಳ್ಳಪ್ಪನವರ ಸರೆಂಡರ್ ರದ್ದು ಎಂದು ಬರೆದು, ಹಳೆಯ ಅರ್ಜಿಯ ಮೇಲೆಯೇ ಫೋನ್ ವಾಪಸ್ ಮಂಜೂರು ಮಾಡಿಸಿದೆ. ಹದಿಮೂರು ಜನರನ್ನು ದಾಟಿಸಿ. ಡೈರಿಯ ಸೆಕ್ರೆಟರಿ ಬಂದು ವರಾಂಡದಲ್ಲಿ ನಿಂತು ಪಟ್ಟಿಯನ್ನೂ ನನ್ನನ್ನೂ ನೋಡಿ, "ನೀವೂ ಎಲ್ಲಾರಂಗೇ ಬಿಡಿ ಮೇಡಂ. ಇದನ್ಯಾಕೆ ಗೋಡೆಗೆ ಅಂಟಿಸ್ಬೇಕಾಗಿತ್ತು?" ಎಂದರು. ರೈಸ್‌ಮಿಲ್ಲಿನವರು ಅವತ್ತಿನಿಂದ ನನ್ನನ್ನು ಕಂಡರೆ ನಗುತ್ತಿದ್ದರು. ಇನ್ನೊಂದು ಬೇಸಿಗೆ ಡೈರಿಯ ಹಾಲು ಒಡೆಯಿತು. ಪಟ್ಟಿಯನ್ನು ಕಿತ್ತು ಡ್ರಾಯರಿಗೆ ಹಾಕಿದೆ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ನನಗೆ ಮಾಲೂರಿಗೆ ವರ್ಗವಾಗುವವರೆಗೆ ಇನ್ನೂ ನಾಲ್ಕು ತಿಂಗಳು ಆ ಬೋರ್ಡಿನ ಮುಂದೆ ಕೂತಿದ್ದೆ. ಒಂದು ಭಾನುವಾರವೂ ತಪ್ಪಿಸಲಿಲ್ಲ. ದಾವಣಗೆರೆಯಿಂದ ಕಾಲ್ ಬರಲಿಲ್ಲ. ಆಮೇಲೆ ಬಂತೋ ಇಲ್ಲವೋ ಗೊತ್ತಿಲ್ಲ, ಸುಬ್ಬಣ್ಣನನ್ನು ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಫೋನ್ ವಾಪಸ್ ಹಾಕಿಸಿದ ಮಾರನೆಯ ದಿನ ಭಾನುವಾರವೇ ಆಗಿತ್ತು. ಒಂಬತ್ತೂವರೆಗೆ ಪಿಳ್ಳಪ್ಪನವರು ಬಂದರು. ಒಗೆದ ಅಂಗಿ, ತಲೆಗೆ ಎಣ್ಣೆ. ಅವತ್ತು ಬೆಂಚಿನ ಮೇಲೆ ಕೂರಲಿಲ್ಲ, ಕಿಟಕಿಯ ಹತ್ತಿರ ಬಂದು ನಿಂತರು.

"ಅದೇ ನಂಬರೇನಮ್ಮಾ? ಇಪ್ಪತ್ತೊಂಬತ್ತೇ?"

"ಅದೇ. ಬದಲಾಗಿಲ್ಲ."

ಕಿಟಕಿಯ ಸರಳು ಹಿಡಿದರು. ಬೀದಿಯ ಎರಡೂ ಕಡೆ ನೋಡಿ, ದನಿ ಇಳಿಸಿ ಕೇಳಿದರು. "ಈ ಎಂಟು ತಿಂಗಳಲ್ಲಿ ಆ ನಂಬರಿಗೆ ಯಾವತ್ತಾದ್ರೂ ಒಂದು ಕಾಲ್ ಬಂದಿತ್ತೇನಮ್ಮಾ? ಹೊರಗಡೆಯಿಂದ?"

ನನ್ನ ಬಾಯಲ್ಲಿ ನಿಜ ಬಂದು ನಿಂತಿತ್ತು. ಆ ಮುಖ ನೋಡಿದೆ.

"ಇಲ್ಲ" ಎಂದೆ. "ಬಂದಿದ್ರೆ ನಾನೇ ಹೇಳ್ತಿರ್ಲಿಲ್ವಾ?"

ಅವರು ಉಸಿರು ಬಿಟ್ಟರು. ಎರಡು ವರ್ಷ ಬರೀ "ಹೂಂ" ಎಂದ ಮನುಷ್ಯ, ನನ್ನೆದುರು ಮಾತಿನ ಮೇಲೆ ಮಾತಾಡಿದರು. "ಹಂಗಾದ್ರೆ ನಾನು ತೆಗೆಸಿದ್ದು ಅವಳಿಗೆ ಗೊತ್ತೇ ಆಗಿಲ್ಲ ಬಿಡು. ಬಸುರಿ ಆಗಿದ್ಲಲ್ಲ, ಆಮೇಲೆ ಬಾಣಂತಿ. ಬೂತ್‌ಗಂಟ ಎಲ್ಲಿ ನಡ್ಕೊಂಡ್ ಹೋಗ್ತಾಳೆ? ಮಗು ಸ್ವಲ್ಪ ದೊಡ್ಡದಾಗ್ಲಿ, ಮಾಡ್ತಾಳೆ. ಒಳ್ಳೇದಾಯ್ತು, ಬಹಳ ಒಳ್ಳೇದಾಯ್ತಮ್ಮಾ."

ಗೋಡೆಯ ಗಡಿಯಾರ ನೋಡಿದರು. ಹತ್ತಕ್ಕೆ ಹತ್ತು ನಿಮಿಷ. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು.

"ಬಂದ್ರೆ ಒಂದೇ ರಿಂಗ್ ಕೊಡಮ್ಮಾ, ಸಾಕು. ನಾನು ಪಕ್ಕದಲ್ಲೇ ಕೂತಿರ್ತೀನಿ. ಈ ಸಲ ಮಾತಾಡ್ತೀನಿ."

"ಆಗ್ಲಿ" ಎಂದೆ.